ಚಿಮಣಿಯೇ ಇಲ್ಲದ ಕಾರವಾರದ ಫ್ಯಾಕ್ಟರಿ!

1638ರಲ್ಲೇ ಕಾರವಾರದಲ್ಲಿ ಇಂಗ್ಲಿಷರ ಫ್ಯಾಕ್ಟರಿ ಇತ್ತು! ಉಗಿಯಂತ್ರ ಸುಧಾರಿಸಿದ ಜೇಮ್ಸ್ ವಾಟ್ ಹುಟ್ಟುವುದಕ್ಕೆ ಇನ್ನೂ 98 ವರ್ಷ ಬಾಕಿಯಿತ್ತು. ಉಗಿಯಂತ್ರವಿಲ್ಲ, ವಿದ್ಯುತ್ತಿಲ್ಲ, ಹೊಗೆಯುಗುಳುವ ಚಿಮಣಿಯೂ ಇಲ್ಲ. ಹಾಗಾದರೆ ಕಾಳಿ ನದಿಯ ದಂಡೆಯಲ್ಲಿದ್ದ ಹಳೆಯ ಕಾರವಾರದ ಆ ಫ್ಯಾಕ್ಟರಿ ತಯಾರಿಸುತ್ತಿದ್ದುದಾದರೂ ಏನನ್ನು?

ಅದು ಸರಕು ತಯಾರಿಸುವ ಜಾಗವೇ ಅಲ್ಲ! ಆ ಕಾಲದ ಇಂಗ್ಲಿಷಿನಲ್ಲಿ 'ಫ್ಯಾಕ್ಟರ್' ಅಂದರೆ ಧಣಿಯ ಪರವಾಗಿ ಪರದೇಶದಲ್ಲಿ ಕೊಳ್ಳುವ, ಮಾರುವ ಏಜೆಂಟ್. ಅವನು ನೆಲೆಯೂರಿದ ಜಾಗವೇ ಫ್ಯಾಕ್ಟರಿ. ಪೋರ್ಚುಗೀಸರ ಬಾಯಲ್ಲಿ ಫೈತೋರಿಯಾ, ನಮ್ಮವರ ಬಾಯಲ್ಲಿ ಕೋಠಿ. ಈಸ್ಟ್ ಇಂಡಿಯಾ ಕಂಪನಿಯಲ್ಲಿ ಅದೊಂದು ಹುದ್ದೆಯೂ ಹೌದು: ರೈಟರ್ ಆಗಿ ಸೇರಿದವನು ಬಡ್ತಿ ಪಡೆದು ಫ್ಯಾಕ್ಟರ್ ಆಗುತ್ತಿದ್ದ.

ಕಾರವಾರದ ಕೋಠಿಯನ್ನು ತೆರೆದದ್ದು ಆ ಕಂಪನಿಯ ಎದುರಾಳಿ ಕೋರ್ಟೀನ್ ಸಂಘ. 1660ರ ಹೊತ್ತಿಗೆ ಆ ಕೋಠಿಯ ಭರಾಟೆ ನೋಡಬೇಕಿತ್ತು! ಪಶ್ಚಿಮ ಭಾರತದ ಅತಿ ನಯವಾದ ಮಸ್ಲಿನ್, ಕಾಳುಮೆಣಸು, ಏಲಕ್ಕಿ, ದಪ್ಪ ಡುಂಗರಿ ಬಟ್ಟೆ ಎಲ್ಲವೂ ಇಲ್ಲಿಂದ ಹಡಗು ಹತ್ತುತ್ತಿದ್ದವು. ಮಸ್ಲಿನ್ ನೇಯುತ್ತಿದ್ದವರು ಘಟ್ಟದ ಮೇಲಿನ ಹುಬ್ಬಳ್ಳಿ ಸೀಮೆಯವರು. ಐವತ್ತು ಸಾವಿರದಷ್ಟು ನೇಕಾರರಿದ್ದರೆಂದು ಬ್ರಿಟಿಷರ ಗೆಜೆಟಿಯರೇ ಹೇಳುತ್ತದೆ. 1665ರಲ್ಲಿ ಶಿವಾಜಿ ಇದೇ ಇಂಗ್ಲಿಷರಿಂದ 112 ಪೌಂಡ್ ವಸೂಲು ಮಾಡಿದ.

ಇನ್ನು 'ಫ್ಯಾಕ್ಟರಿ' ಎಂಬ ಪದದ ಬೇರು ಹುಡುಕಿದರೆ ಬೆರಗೋ ಬೆರಗು! ಲ್ಯಾಟಿನ್ನಿನ 'ಫಾಕೆರೆ' ಅಂದರೆ ಮಾಡು. ಮಾಡಿದ್ದೇ ಫ್ಯಾಕ್ಟ್, ಒಂದು ಕಾಲಕ್ಕೆ ಅಪರಾಧಕ್ಕೂ ಅದೇ ಹೆಸರು. ಕೈಯಿಂದ ಮಾಡುವುದು ಮ್ಯಾನುಫ್ಯಾಕ್ಚರ್! ಗಣಿತದ ಫ್ಯಾಕ್ಟರ್, ಉಡುಪಿನ ಫ್ಯಾಷನ್ ಎಲ್ಲವೂ ಒಂದೇ ಬಳ್ಳಿಯ ಕಾಯಿಗಳು. ಇನ್ನೂ ಆಳಕ್ಕಿಳಿದರೆ ಭಾಷಾಶಾಸ್ತ್ರಜ್ಞರು ತೋರಿಸುವುದು ಅದೇ ಮೂಲದಿಂದ ಬಂದ ಸಂಸ್ಕೃತದ 'ಧಾ' ಧಾತುವನ್ನು. ವಿಧಿ, ನಿಧಿ, ಸಮಾಧಾನ ಹುಟ್ಟಿದ್ದು ಅದರಿಂದಲೇ. ದಿನವೂ ನಾವಾಡುವ ಈ ಮಾತುಗಳು ಫ್ಯಾಕ್ಟರಿಗೆ ದೂರದ ದಾಯಾದಿಗಳು! ನಮ್ಮ 'ಕಾರ್ಖಾನೆ'ಯೂ ಪರ್ಷಿಯನ್ನಿನ 'ಕಾರ್', 'ಖಾನಾ' ಸೇರಿ ಆದದ್ದು: ಕೆಲಸದ ಮನೆ.

ಇಂದು ಕಾರವಾರದಲ್ಲಿ ಫ್ಯಾಕ್ಟರಿ ಅಂದರೆ ಬಿಣಗಾದ ಕಾಸ್ಟಿಕ್ ಸೋಡಾ ಘಟಕ ಕಣ್ಣಮುಂದೆ ಬರುತ್ತದೆ. ಅದೇ ಕಣ್ಣಿನಿಂದ ಇತಿಹಾಸ ಓದಿದರೆ ಮೋಸ ಹೋಗುತ್ತೇವೆ. 'ಇಂಗ್ಲಿಷರು ಕಾರವಾರದಲ್ಲಿ ಕಾರ್ಖಾನೆ ಸ್ಥಾಪಿಸಿದರು' ಎಂದು ಬರೆದ ಕ್ಷಣವೇ ಮಾಡಿದವರ ಹೆಗ್ಗಳಿಕೆ ಕೊಂಡವರ ಪಾಲಾಗುತ್ತದೆ. ಮೇಷ್ಟ್ರುಗಳೇ, ಪಠ್ಯ ಬರೆಯುವವರೇ, ದಯವಿಟ್ಟು ಅದನ್ನು 'ವ್ಯಾಪಾರ ಕೋಠಿ' ಎಂದೇ ಬರೆಯಿರಿ. ಇಂಗ್ಲಿಷರು ಬಂದದ್ದು ಕೊಳ್ಳುವುದಕ್ಕೆ, ನೇಯ್ದವರು ನಮ್ಮವರು.