ಕಡಲೂರಿನ ಕಾರು, ಪ್ಲಗ್‌ನ ಲೆಕ್ಕ

ಉಳ್ಳಾಲದ ಮನೆಯಿಂದ ತೊಕ್ಕೊಟ್ಟು ಪೇಟೆಗೆ ಹೋಗಿ ಬರುವಷ್ಟೇ ಓಡಾಟವಿರುವ ಪೆಟ್ರೋಲ್ ಕಾರಿಗೆ ವರ್ಷವಿಡೀ ಕಿಲೋಮೀಟರು ಏರುವುದೇ ಇಲ್ಲ. ಓಟ ಕಡಿಮೆ, ಪ್ಲಗ್‌ಗೇನಾಗುತ್ತದೆ ಎಂದು ಮಾಲೀಕರು ನಿಶ್ಚಿಂತೆಯಿಂದಿರುತ್ತಾರೆ. ಆದರೆ ಸ್ಪಾರ್ಕ್ ಪ್ಲಗ್‌ನ ತುದಿ ಸುಮಾರು 500 ಡಿಗ್ರಿ ಸೆಲ್ಸಿಯಸ್ ಕಾದರಷ್ಟೇ ಅದಕ್ಕೆ ಹಿಡಿದ ಮಸಿ ಸುಟ್ಟುಹೋಗುವುದು. ಎಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ಮನೆ ಸೇರುವ ಕಾರಿನಲ್ಲಿ ಮಸಿ ಕೂತೇ ಇರುತ್ತದೆ.

ಓಡುವ ಕಾರಿನದ್ದು ಬೇರೆ ಸವೆತ. ಎಂಜಿನ್ ಎರಡು ಸುತ್ತು ತಿರುಗಿದಾಗ ಪ್ರತಿ ಪ್ಲಗ್ ಒಮ್ಮೆ ಕಿಡಿ ಹಾರಿಸುತ್ತದೆ. ನಿಮಿಷಕ್ಕೆ 3000 ಸುತ್ತಾದರೆ ಸೆಕೆಂಡಿಗೆ 25 ಕಿಡಿ. ಒಂದು ಮಿಲಿಮೀಟರಿನ ಆಸುಪಾಸಿನ ಸಂದನ್ನು ದಾಟಲು ಹತ್ತಾರು ಸಾವಿರ ವೋಲ್ಟ್ ಬೇಕು. ಪ್ರತಿ ಕಿಡಿಯೂ ಲೋಹವನ್ನು ಕಣದಷ್ಟು ತಿನ್ನುತ್ತದೆ, ಸಂದು ಹಿಗ್ಗುತ್ತದೆ, ಆ ವೋಲ್ಟ್ ಒದಗಿಸುವ ಕಾಯಿಲ್ ಏದುಸಿರು ಬಿಡುತ್ತದೆ. ಬೆಳಿಗ್ಗೆ ಸ್ಟಾರ್ಟಿಂಗ್ ತೊಂದರೆ, ಏರಿನಲ್ಲಿ ಮಿಸ್ಸಿಂಗ್, ಪಿಕಪ್ ಇಲ್ಲ ಎಂಬ ದೂರುಗಳು ಇಲ್ಲಿಂದಲೇ ಶುರು. ಸಾಮಾನ್ಯ ನಿಕ್ಕಲ್ ಪ್ಲಗ್ 30-40 ಸಾವಿರ ಕಿ.ಮೀ., ಇರಿಡಿಯಂ ಆದರೆ ಒಂದು ಲಕ್ಷದವರೆಗೂ ಬಂದೀತು. ಕೊನೆಯ ಮಾತು ಕಾರಿನ ಕೈಪಿಡಿಯದ್ದೇ.

ಕಡಲೂರಿನಲ್ಲಿ ನಾನು ಹೆದರುವುದು ಸವೆತಕ್ಕಲ್ಲ, ಉಪ್ಪಿಗೆ. ಪ್ಲಗ್‌ನ ಮೈ ಉಕ್ಕು, ಅದು ಕೂರುವ ಹೆಡ್ ಅಲ್ಯೂಮಿನಿಯಂ. ಈ ಎರಡು ಲೋಹಗಳ ನಡುವೆ ಉಪ್ಪಿನ ತೇವ ಸೇರಿದರೆ ಅಲ್ಯೂಮಿನಿಯಂ ನಿಧಾನವಾಗಿ ಕೊರೆದುಹೋಗಿ ಪ್ಲಗ್ ಕಚ್ಚಿಕೊಳ್ಳುತ್ತದೆ. ವರ್ಷಗಟ್ಟಲೆ ಮುಟ್ಟದ ಪ್ಲಗ್ಗನ್ನು ಬಲವಂತವಾಗಿ ತಿರುಗಿಸಿದರೆ ಹೆಡ್‌ನ ಥ್ರೆಡ್ಡೇ ಕಿತ್ತುಬರುತ್ತದೆ. ಆಗಿನ ಖರ್ಚಿನ ಮುಂದೆ ಪ್ಲಗ್‌ನ ಬೆಲೆ ಏನೂ ಅಲ್ಲ. ಆದ್ದರಿಂದ ಇಲ್ಲಿ ಮೀಟರು ಎಷ್ಟೇ ತೋರಿಸಲಿ, ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಬಿಚ್ಚಿ ನೋಡುವುದು ಲೇಸು.

ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಕಾಯಿಲ್ ತೆಗೆದು, ಕುಳಿಯಲ್ಲಿರುವ ಮರಳು-ಧೂಳನ್ನು ಗಾಳಿ ಹೊಡೆದು ಹೊರಹಾಕಿ. ಇಲ್ಲದಿದ್ದರೆ ಅದು ಸೀದಾ ಸಿಲಿಂಡರಿಗೆ ಬೀಳುತ್ತದೆ. ಬಿಗಿಯೆನಿಸಿದರೆ ತುಕ್ಕುಬಿಡಿಸುವ ಎಣ್ಣೆ ಬಿಟ್ಟು ಕಾಯಿರಿ. ಹೊರಬಂದ ಪ್ಲಗ್‌ನ ತುದಿ ತಿಳಿಕಂದು ಬಣ್ಣವಿದ್ದರೆ ಎಂಜಿನ್ ಸುಖವಾಗಿದೆ. ಒಣ ಮಸಿಯಿದ್ದರೆ ಪೆಟ್ರೋಲು ಹೆಚ್ಚು, ಜಿಡ್ಡಿದ್ದರೆ ಆಯಿಲ್ ಒಳನುಗ್ಗುತ್ತಿದೆ, ಬಿಳುಪಾಗಿ ಬೊಬ್ಬೆ ಎದ್ದಿದ್ದರೆ ಅತಿ ಶಾಖ. ಹೊಸದನ್ನು ಮೊದಲು ಬೆರಳಲ್ಲೇ ತಿರುಗಿಸಿ ಕೂರಿಸಬೇಕು. ವಾಷರ್ ಇರುವ ಹೊಸ ಪ್ಲಗ್ ಕೂತ ಮೇಲೆ ಸ್ಪ್ಯಾನರಿನಿಂದ ಅರ್ಧ ಸುತ್ತು, ಹೆಚ್ಚೆಂದರೆ ಮುಕ್ಕಾಲಿಗೂ ಕಡಿಮೆ.

ಹಳಬರು ಈಗಲೂ ಅಂಗಡಿಯಲ್ಲಿ ‘ಮೈಕೋ ಪ್ಲಗ್ ಕೊಡಿ’ ಎನ್ನುತ್ತಾರೆ. ಬೆಂಗಳೂರಿನ ಆಡುಗೋಡಿಯ ಆ ಕಂಪನಿ 2008ರಲ್ಲೇ ಬಾಷ್ ಆಯಿತು. ಕಂಪನಿ ಬದಲಿಸುವಾಗ ಪ್ಲಗ್‌ನ ಮೇಲಿನ ಶಾಖದ ಅಂಕಿಯನ್ನು ಹೋಲಿಸಿ ಕೊಳ್ಳಬೇಡಿ. ಬಾಷ್‌ನಲ್ಲಿ ಅಂಕಿ ಏರಿದಷ್ಟೂ ಬಿಸಿ ಪ್ಲಗ್, ಎನ್‌ಜಿಕೆಯಲ್ಲಿ ಅಂಕಿ ಏರಿದಷ್ಟೂ ತಣ್ಣನೆಯದು.