ಗಾಯ ಒಣಗಿದ ಮೇಲೆ ಶುರುವಾಗುವ ಕಷ್ಟ

ನಮ್ಮ ಮೊಹಲ್ಲಾಗಳಲ್ಲಿ ಯಾರಿಗಾದರೂ ಅಪಘಾತವಾದರೆ ಜನ ಹಿಂದೆ ಸರಿಯುವುದಿಲ್ಲ. ರಕ್ತ ಕೊಡಲು ಯುವಕರು ಓಡುತ್ತಾರೆ, ಆಸ್ಪತ್ರೆ ಬಿಲ್ಲಿಗೆ ಚಂದಾ ಎತ್ತುತ್ತಾರೆ, ಜುಮಾ ದಿನ ದುಆ ನಡೆಯುತ್ತದೆ. ಮೊದಲ ವಾರ ಇಯಾದತ್‌ಗೆ ಬಂದವರಿಗೆ ಚಹಾ ಕೊಟ್ಟೇ ಮನೆಯವರು ಸುಸ್ತಾಗುತ್ತಾರೆ. ಆದರೆ ತಲೆಗೆ ಪೆಟ್ಟು ಬಿದ್ದವರ ಮನೆಗೆ ಆರು ತಿಂಗಳ ನಂತರ ಹೋಗಿ ನೋಡಿ. ಹೊಲಿಗೆ ಬಿಚ್ಚಿ ಗಾಯ ಒಣಗಿರುತ್ತದೆ. ಬಾಗಿಲಲ್ಲಿ ಬಂದವರ ಚಪ್ಪಲಿಗಳಿರುವುದಿಲ್ಲ. ಮನೆಯವರ ನಿಜವಾದ ಕಷ್ಟ ಆಗಲೇ ಶುರುವಾಗುವುದು.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆ ತಲೆಪೆಟ್ಟಿನ ಕಾರಣಗಳು ನಿಮಗೆ ಗೊತ್ತಿರುವವೇ. ಹೆದ್ದಾರಿಯಲ್ಲಿ ಹೆಲ್ಮೆಟ್ ಇಲ್ಲದ ಬೈಕ್ ಸವಾರಿ, ರಾತ್ರಿ ಹಿಂದೆ ದೀಪವಿಲ್ಲದೆ ಸಾಗುವ ಕಬ್ಬಿನ ಟ್ರ್ಯಾಕ್ಟರ್, ತೆಂಗಿನ ಮರದಿಂದ ಬೀಳುವುದು, ಕಟ್ಟಡ ಕೆಲಸದಲ್ಲಿ ಎತ್ತರದಿಂದ ಜಾರುವುದು. ಪೆಟ್ಟು ತಿನ್ನುವವರಲ್ಲಿ ದುಡಿಯುವ ವಯಸ್ಸಿನ ಗಂಡಸರೇ ಹೆಚ್ಚು. ಹಾಗಾಗಿ ಒಬ್ಬರಿಗೆ ಪೆಟ್ಟಾದರೆ ಇಡೀ ಸಂಸಾರವೇ ಕುಸಿಯುತ್ತದೆ.

ಕಣ್ಣಿಗೆ ಕಾಣದ ಗಾಯ

ಮಿದುಳಿನ ಮುಂಭಾಗ ನಮ್ಮ ಕೋಪಕ್ಕೆ, ಮಾತಿಗೆ, ಆಸೆಗೆ ಕಡಿವಾಣ ಹಾಕುವ ಜಾಗ. ಅಲ್ಲಿ ಪೆಟ್ಟಾದರೆ ಸೌಮ್ಯವಾಗಿದ್ದ ಮನುಷ್ಯ ಸಣ್ಣ ವಿಷಯಕ್ಕೂ ಸಿಡಿಯಬಹುದು. ಇನ್ನು ಕೆಲವರು ಎಬ್ಬಿಸದಿದ್ದರೆ ಏಳುವುದಿಲ್ಲ, ಬಡಿಸದಿದ್ದರೆ ಉಣ್ಣುವುದಿಲ್ಲ. ಬೆಳಿಗ್ಗೆ ಕೇಳಿದ್ದು ಸಂಜೆಗೆ ಮರೆತುಹೋಗುತ್ತದೆ. ಸ್ವಲ್ಪ ಕೆಲಸಕ್ಕೇ ದಣಿವು, ಗದ್ದಲ ಕೇಳಿದರೆ ತಲೆನೋವು. ನೋಡುವವರು "ಕೈಕಾಲು ಚೆನ್ನಾಗಿಯೇ ಇದೆಯಲ್ಲ, ಸೋಮಾರಿ" ಅನ್ನುತ್ತಾರೆ. ಇನ್ನು ಕೆಲವರು "ಯಾವುದೋ ಗಾಳಿ ಸೋಕಿದೆ" ಎಂದು ತಾಯತ ಕಟ್ಟಿಸಲು ಹೇಳುತ್ತಾರೆ. ಇದು ಸೋಮಾರಿತನವಲ್ಲ, ಗಾಳಿ ಸೋಕಿದ್ದೂ ಅಲ್ಲ, ಮಿದುಳಿನ ಗಾಯ.

ಇದನ್ನು ತಿಳಿಯದೆ ಎಷ್ಟೋ ಸಂಸಾರಗಳು ಒಡೆಯುತ್ತವೆ. ಅವರು ಸಿಟ್ಟಿನಲ್ಲಿ ಆಡಿದ ಮಾತನ್ನು ಹಿಡಿದು ಹಿರಿಯರು ಪಂಚಾಯಿತಿಗೆ ಕೂರುವ ಮುನ್ನ ಚಿಕಿತ್ಸೆ ನೀಡಿದ ವೈದ್ಯರ ಮಾತು ಕೇಳಬೇಕು. ಹಾಗೆಂದು ಏಟು ತಿನ್ನುವ ಹೆಂಡತಿಗೆ "ಸಬರ್ ಮಾಡಮ್ಮ" ಎಂದಷ್ಟೇ ಹೇಳಿ ಕಳಿಸುವುದು ತಪ್ಪು. ಮೊದಲು ಅವಳೂ ಮಕ್ಕಳೂ ಸುರಕ್ಷಿತವಾಗಿರಬೇಕು. ಆಮೇಲೆ ಅವರನ್ನು ವೈದ್ಯರ ಬಳಿ ಕರೆದೊಯ್ಯಬೇಕು. ಇಂಥ ಕೋಪಕ್ಕೂ ಚಿಕಿತ್ಸೆ ಇದೆ.

ಔಷಧದ ವಿಷಯದಲ್ಲಿ ಎಚ್ಚರ

ನಾನು ಯುನಾನಿ ವೈದ್ಯ. ಬಿಗಿದ ಕೈಕಾಲಿಗೆ ದಲ್ಕ್ ಎಂಬ ತೈಲ ಮಾಲಿಶ್, ಅಳತೆಯ ವ್ಯಾಯಾಮ, ಆಹಾರ, ನಿದ್ದೆಯ ಕ್ರಮ ನಮ್ಮ ಪದ್ಧತಿಯಲ್ಲಿವೆ. ಇವು ಫಿಸಿಯೋಥೆರಪಿಯ ಜೊತೆಗೆ ನಡೆಯಬೇಕು, ಅದರ ಬದಲಿಗೆ ಅಲ್ಲ. ತಲೆಪೆಟ್ಟಿನ ನಂತರ ಕೆಲವರಿಗೆ ಫಿಟ್ಸ್ ಬರುತ್ತದೆ. ಅದರ ಮಾತ್ರೆಯನ್ನು ಯಾವ ಮಅಜೂನು, ಖಮೀರಾ ನಂಬಿಯೂ ನಿಲ್ಲಿಸಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ನರರೋಗ ತಜ್ಞರನ್ನು ಕೇಳದೆ ಹಿಜಾಮಾ ಮಾಡಿಸಬೇಡಿ. ನಿದ್ದೆಗೆಟ್ಟರೆ, ಮಾತ್ರೆಯ ಹೊತ್ತು ತಪ್ಪಿದರೆ ಫಿಟ್ಸ್ ಮರಳಬಹುದು. ಆದ್ದರಿಂದ ಉಪವಾಸ ಹಿಡಿಯುವ ಬಗ್ಗೆ ರಮಝಾನ್‌ಗೆ ಮೊದಲೇ ವೈದ್ಯರನ್ನೂ ಆಲಿಮರನ್ನೂ ಕೇಳಿ. ಕಾಯಿಲೆಯವರಿಗೆ ವಿನಾಯಿತಿ ಇದೆ.

ಎಲ್ಲಿ ಕೇಳಬೇಕು?

ಮಾತು ತೊದಲಿದರೆ, ಪದ ಸಿಗದಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನರ್ವಸತಿಗೆಂದೇ ವಿಭಾಗವಿದೆ. ಆರೈಕೆ ಮಾಡುವವರ ಮನಸ್ಸು ಕುಗ್ಗಿದರೆ 14416ಕ್ಕೆ ಕರೆ ಮಾಡಿ. ಇದು ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲೇ ಮಾತನಾಡಬಹುದು.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಮಿದುಳಿನ ಪೆಟ್ಟು ಎಂಬ ಹೆಸರು ಅದರಲ್ಲಿ ಬೇರೆಯಾಗಿ ಇಲ್ಲ. ಹಾಗಾಗಿ ನಡಿಗೆ, ಮಾತು, ಬುದ್ಧಿ, ನಡವಳಿಕೆ ಇವುಗಳಲ್ಲಿ ಏನೇನು ಕುಂದಿದೆ ಎಂದು ತಪಾಸಣೆಯ ವೇಳೆ ಒಂದೊಂದಾಗಿ ಹೇಳಬೇಕು. ಎಷ್ಟೋ ಮನೆಯವರು ಕುಂಟುವ ಕಾಲನ್ನು ಮಾತ್ರ ತೋರಿಸಿ ಬರುತ್ತಾರೆ. ಯುಡಿಐಡಿ ಕಾರ್ಡಿನ ಅರ್ಜಿಗೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಪಂಚಾಯಿತಿಯ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ.

ರಸ್ತೆ ಅಪಘಾತವಾಗಿದ್ದರೆ ಆರು ತಿಂಗಳೊಳಗೆ ಪರಿಹಾರದ ಅರ್ಜಿ ಹಾಕಬೇಕೆಂದು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಹೇಳುತ್ತದೆ. ಎಫ್ಐಆರ್ ಪ್ರತಿ, ಡಿಸ್ಚಾರ್ಜ್ ಚೀಟಿ, ಸ್ಕ್ಯಾನ್, ಬಿಲ್ಲುಗಳನ್ನೆಲ್ಲ ಒಂದೇ ಚೀಲದಲ್ಲಿಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿನ ಹಕ್ಕಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ.

ಜಮಾಅತ್ ಏನು ಮಾಡಬಹುದು?

ಝಕಾತ್ ಹಣ ಬೇಕೇ ಬೇಕು. ಆದರೆ ಇಂಥ ಮನೆಗೆ ಹಣಕ್ಕಿಂತ ಹೆಚ್ಚಾಗಿ ಬೇಕಾದದ್ದು ನಿಮ್ಮ ಸಮಯ. ವಾರಕ್ಕೆರಡು ಸಲ ಯಾರಾದರೂ ಎರಡು ಗಂಟೆ ಅವರ ಜೊತೆ ಕುಳಿತರೆ, ಹೆಂಡತಿಯೋ ತಾಯಿಯೋ ಸಂತೆಗೆ ಹೋಗಿ ಬರಬಹುದು, ಸ್ವಲ್ಪ ಮಲಗಬಹುದು. ಪಾಳಿಯ ಪ್ರಕಾರ ನಾಲ್ಕು ಮನೆಯವರು ಹಂಚಿಕೊಂಡರೆ ಯಾರಿಗೂ ಭಾರವಲ್ಲ. ಓದಿದ ಒಬ್ಬ ಹುಡುಗ ಕಾಗದಪತ್ರದ ಹೊಣೆ ಹೊರಲಿ. ಜುಮಾದ ಗದ್ದಲ ತಡೆಯದವರನ್ನು ಜನ ಕಡಿಮೆ ಇರುವ ಹೊತ್ತಿನ ನಮಾಝಿಗೆ ಕರೆತನ್ನಿ. ರಕಅತ್ ಮರೆಯುವವರ ಪಕ್ಕ ಒಬ್ಬರು ನಿಲ್ಲಲಿ. ಅಂಗಡಿ, ಗ್ಯಾರೇಜು ಇರುವವರು ದಿನಕ್ಕೆರಡು ಗಂಟೆಯ ಹಗುರ ಕೆಲಸ ಕೊಡಿ. ಕೆಲಸವನ್ನು ಬಾಯಲ್ಲಿ ಹೇಳುವ ಬದಲು ಚೀಟಿಯಲ್ಲಿ ಬರೆದುಕೊಡಿ.

ಒಂದು ಊರಿನಲ್ಲಿ ಇಂಥ ಮನೆ ಒಂದೋ ಎರಡೋ ಇರಬಹುದು. ನಾಲ್ಕು ತಾಲ್ಲೂಕು ಸೇರಿದರೆ ಒಂದು ಕೂಟವೇ ಆಗುತ್ತದೆ. ಮೈಸೂರಿಗೋ ಬೆಂಗಳೂರಿಗೋ ತಪಾಸಣೆಗೆ ಒಂದೇ ದಿನ ಒಂದೇ ವಾಹನದಲ್ಲಿ ಹೋಗಲು ವ್ಯವಸ್ಥೆ ಮಾಡಿ. ದಾರಿಯಲ್ಲಿ ಒಬ್ಬ ತಾಯಿ ಇನ್ನೊಬ್ಬ ತಾಯಿಗೆ ಹೇಳುವ ಅನುಭವ ಯಾವ ವೈದ್ಯರ ಬಳಿಯೂ ಸಿಗದು. ಪಕ್ಕದ ಬೀದಿಯ ಹಿಂದೂ ಮನೆಯಲ್ಲೂ ಇದೇ ಕಷ್ಟವಿದ್ದರೆ ಅವರನ್ನೂ ಕರೆದುಕೊಳ್ಳಿ.

ಕಳೆದ ಎರಡು ಮೂರು ವರ್ಷಗಳಲ್ಲಿ ನಿಮ್ಮ ಮೊಹಲ್ಲಾದಲ್ಲಿ ಯಾರಿಗೆ ತಲೆಪೆಟ್ಟಾಗಿತ್ತು ಎಂದು ಈ ಜುಮಾ ಮುಗಿದ ಮೇಲೆ ನೆನಪು ಮಾಡಿಕೊಳ್ಳಿ. ಅವರ ಮನೆಗೆ ಹೋಗಿ. ರೋಗಿಯನ್ನು ಮಾತನಾಡಿಸಿದ ಮೇಲೆ, ನೋಡಿಕೊಳ್ಳುತ್ತಿರುವವರನ್ನೂ "ನೀವು ಹೇಗಿದ್ದೀರಿ? ನಾವು ಯಾವ ದಿನ ಬರಲಿ?" ಎಂದು ಕೇಳಿ. ಹೇಳಿದ ದಿನ ತಪ್ಪದೆ ಹೋಗಿ.