ಹಾಡಿನ ಹೊದಿಕೆ ಮತ್ತು ಹಾಡಿನ ಚಿತ್ರ: ಯಾದಗಿರಿ ಪ್ರಾಂತ್ಯದ ತತ್ವಪದಗಳ ಧ್ವನಿಮುದ್ರಣವನ್ನು ಕುರಿತು

ಶಾಸನವೊಂದನ್ನು ಓದುವಾಗ ಚರಿತ್ರೆಯ ವಿದ್ಯಾರ್ಥಿಯು ಅದರ ಪ್ರಾರಂಭದ ಪ್ರಶಸ್ತಿಯನ್ನು ನೋಡುವಷ್ಟೇ ಎಚ್ಚರದಿಂದ ಅದರ ಕೊನೆಯ ಪಂಕ್ತಿಗಳನ್ನೂ ನೋಡಬೇಕಾಗುತ್ತದೆ. ಶಾಸನವನ್ನು ರಚಿಸಿದ ಕವಿ, ಅದನ್ನು ಬರೆದ ಲಿಪಿಕಾರ, ಕಲ್ಲಿನಲ್ಲಿ ಕಂಡರಿಸಿದ ರೂವಾರಿ, ಇವರ ಹೆಸರುಗಳು ಹೆಚ್ಚಾಗಿ ದೊರೆಯುವುದು ಅಲ್ಲಿಯೇ. ಆ ಪಂಕ್ತಿಗಳು ಒಡೆದುಹೋಗಿದ್ದರೆ ಶಾಸನದ ವಿಷಯವು ಉಳಿದರೂ ಅದನ್ನು ಮಾಡಿದವರು ನಮ್ಮ ಪಾಲಿಗೆ ಇಲ್ಲವಾಗುತ್ತಾರೆ. ಧ್ವನಿಮುದ್ರಿತವಾದ ಹಾಡಿಗೂ ಇಂತಹ ಕೊನೆಯ ಪಂಕ್ತಿಗಳುಂಟು. ಅವು ಇರತಕ್ಕ ಸ್ಥಳವು ಹಾಡಿನ ಹೊದಿಕೆ.

ಕೆಲವು ವರ್ಷಗಳ ಹಿಂದೆ ಶಹಾಪುರದ ಕಡೆಯ ಮನೆಯೊಂದರಿಂದ ನಮ್ಮ ಕೈಗೆ ಒಂದು ಕ್ಯಾಸೆಟ್ಟು ಬಂದಿತು. ಅದರಲ್ಲಿ ಒಬ್ಬ ಸ್ತ್ರೀಯು ಏಕತಾರಿಯೊಡನೆ ಏಳು ತತ್ವಪದಗಳನ್ನು ಹಾಡಿದ್ದಾರೆ. ಪದಗಳಲ್ಲಿ ‘ಮಹಾಂತ’ ಎಂಬ ಅಂಕಿತವಿರುವುದರಿಂದ ಅವು ಕಡಕೋಳ ಮಡಿವಾಳಪ್ಪನವರ ರಚನೆಗಳೆಂದು ತಿಳಿಯಲು ತೊಡಕಿಲ್ಲ. ಆದರೆ ಹಾಡಿದವರು ಯಾರು? ಯಾವ ಊರಿನವರು? ಹಾಡಿದುದು ಯಾವ ವರ್ಷ? ಕ್ಯಾಸೆಟ್ಟಿನ ಪೆಟ್ಟಿಗೆಯೂ ಅದರೊಳಗಿನ ಕಾಗದವೂ ಕಳೆದುಹೋಗಿದ್ದವು. ಸುತ್ತಲಿನ ಊರುಗಳಲ್ಲಿ ವಿಚಾರಿಸಿದರೂ ಉತ್ತರ ದೊರೆಯಲಿಲ್ಲ. ಎರಡು ಶತಮಾನಗಳಷ್ಟು ಹಿಂದಿನ ಕವಿಯ ಹೆಸರು ಉಳಿದು, ನಮ್ಮ ತಾಯಂದಿರ ಕಾಲದ ಗಾಯಕಿಯ ಹೆಸರು ಅಳಿದ ಬಗೆಯನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ. ಯಾದಗಿರಿ, ಶಹಾಪುರ, ಸುರಪುರಗಳ ತರುಣರು ಬ್ಯಾಂಡು ಕಟ್ಟಿಕೊಂಡು ಇಂತಹ ಪದಗಳನ್ನು ಹಾಡಿ, ಮುದ್ರಿಸಿ, ಅವಕ್ಕೆ ಚಿತ್ರವನ್ನೂ ತೆಗೆಯಲು ಹೊರಡುವ ಈ ಕಾಲದಲ್ಲಿ ಇದು ಕೇವಲ ಹಿಂದಿನ ವಿಚಾರವಲ್ಲ.

1. ಹೆಸರು ಹಾಡಿನೊಳಗಿದ್ದ ಕಾಲ

ಬರವಣಿಗೆಯನ್ನು ನೆಚ್ಚದೆ ಬಾಯಿಂದ ಬಾಯಿಗೆ ಸಾಗುವ ಕೃತಿಗೆ ಹೊದಿಕೆಯಿಲ್ಲ. ಆದಕಾರಣ ನಮ್ಮ ಹಿರಿಯರು ಹೆಸರನ್ನು ಹಾಡಿನ ಒಳಗೇ ಹೆಣೆದರು. ಸುರಪುರ ಸೀಮೆಯ ಮುದನೂರಿನ ದೇವರ ದಾಸಿಮಯ್ಯನ ವಚನಗಳನ್ನು ‘ರಾಮನಾಥ’ ಎಂಬ ಅಂಕಿತದಿಂದ ಗುರುತಿಸುತ್ತೇವೆ. ಹರಿದಾಸರು ಈ ಪದ್ಧತಿಯನ್ನು ಕೀರ್ತನೆಗಳಲ್ಲಿ ನಡೆಸಿಕೊಂಡು ಬಂದರು. ತತ್ವಪದಕಾರರು ಅದನ್ನು ಗುರುಶಿಷ್ಯ ಪರಂಪರೆಯ ಗುರುತನ್ನಾಗಿಯೂ ಮಾಡಿಕೊಂಡರು. ಕಡಕೋಳದ ಮಡಿವಾಳಪ್ಪನವರ ಸುತ್ತ ಬೆಳೆದ ಶಿಷ್ಯಮಂಡಲಿಯಲ್ಲಿ ಚೆನ್ನೂರ ಜಲಾಲಸಾಹೇಬರಂತಹ ಮುಸಲ್ಮಾನರೂ ಇದ್ದರೆಂಬುದು ಈ ಪ್ರಾಂತ್ಯದ ಸಾಹಿತ್ಯಚರಿತ್ರೆಯಲ್ಲಿ ನೆನೆಯತಕ್ಕ ವಿಷಯ.

ಅಂಕಿತವು ಕಳೆದುಹೋಗದ ಹೊದಿಕೆ. ಪದವು ಉಳಿದಷ್ಟು ಕಾಲ ಅದೂ ಉಳಿಯುತ್ತದೆ. ಆದರೆ ಅದು ಕಾಪಾಡುವುದು ರಚಿಸಿದವರ ಗುರುತನ್ನು ಮಾತ್ರ; ಹಾಡಿದವರಿಗೆ ಅದರಲ್ಲಿ ಎಡೆಯಿಲ್ಲ. ಹಾಡುವವರು ಊರಿನಲ್ಲಿ ಕೇಳುವವರ ಎದುರಿಗೇ ಕುಳಿತಿರುವಾಗ ಎಡೆಯಿರಬೇಕಾದ ಅಗತ್ಯವೂ ಇರಲಿಲ್ಲ. ಧ್ವನಿಯು ದೇಹವನ್ನು ಬಿಟ್ಟು ಸಂಚರಿಸತೊಡಗಿದ ಮೇಲೆ ಈ ಕೊರತೆಯು ಕಾಣಿಸಿಕೊಂಡಿತು.

2. ತಟ್ಟೆಯಿಂದ ಹೊದಿಕೆಗೆ

1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬವರು ಕಲ್ಕತ್ತೆಗೆ ಬಂದು ಭಾರತೀಯ ಗಾಯಕರ ಹಾಡುಗಳನ್ನು ಮುದ್ರಿಸಿಕೊಂಡರು. ಅವರಲ್ಲಿ ಪ್ರಸಿದ್ಧರಾದ ಗೌಹರ್ ಜಾನ್ ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಉಚ್ಚರಿಸುತ್ತಿದ್ದರು. ಮುದ್ರಿಕೆಗಳನ್ನು ಜರ್ಮನಿಯ ಹಾನೋವರಿಗೆ ಕಳುಹಿಸಿ ತಟ್ಟೆಗಳನ್ನು ಒತ್ತಿಸಬೇಕಾಗಿತ್ತು. ಅಲ್ಲಿನ ಕೆಲಸಗಾರರಿಗೆ ಈ ಭಾಷೆಗಳು ತಿಳಿಯವು. ಯಾವ ತಟ್ಟೆಗೆ ಯಾರ ಹೆಸರಿನ ಚೀಟಿ ಅಂಟಿಸಬೇಕೆಂಬುದನ್ನು ಆ ಉಚ್ಚಾರಣೆಯಿಂದ ತಿಳಿಯುತ್ತಿದ್ದರು. ಹೀಗೆ ಗಾಯಕಿಯ ಹೆಸರು ಮೊಟ್ಟಮೊದಲು ಹಾಡಿನ ಪಕ್ಕದಲ್ಲಿ ಸೇರಿತು. ಅದನ್ನು ಗಾಯಕಿಯ ಅಂಕಿತವೆಂದರೆ ತಪ್ಪಾಗಲಾರದು. ಅದೇ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಆಸ್ಥಾನದ ಆಶ್ರಯದಲ್ಲಿದ್ದು 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು.

ಆ ಕಾಲದ ಹತ್ತು ಅಂಗುಲದ ತಟ್ಟೆಯ ಒಂದು ಮುಖದಲ್ಲಿ ಸುಮಾರು ಮೂರು ನಿಮಿಷದ ಹಾಡು ಮಾತ್ರ ಹಿಡಿಯುತ್ತಿತ್ತು. ತಟ್ಟೆಯ ನಡುವಿನ ದುಂಡು ಚೀಟಿಯೇ ಅದರ ಪರಿಚಯಪತ್ರ. ಲಕೋಟೆಯು ಬರಿಯ ಕಾಗದ. ಹಲವು ತಟ್ಟೆಗಳನ್ನು ಪುಸ್ತಕದಂತೆ ಕಟ್ಟಿ ಮಾರುತ್ತಿದ್ದುದರಿಂದ ‘ಆಲ್ಬಮ್’ ಎಂಬ ಹೆಸರು ಹುಟ್ಟಿತು. ಈ ಕಟ್ಟಿನ ಮುಖಕ್ಕೆ ಹಾಡಿಗೆ ಒಪ್ಪುವ ಚಿತ್ರವನ್ನು ಬರೆಯುವ ರೂಢಿಯನ್ನು 1940ರ ವೇಳೆಗೆ ಅಮೆರಿಕದ ಕೊಲಂಬಿಯಾ ಕಂಪನಿಯ ಚಿತ್ರಕಾರ ಅಲೆಕ್ಸ್ ಸ್ಟೈನ್‌ವೈಸ್ ಬಳಕೆಗೆ ತಂದರು. 1948ರಲ್ಲಿ ಬಂದ ದೀರ್ಘಾವಧಿಯ ತಟ್ಟೆಗೆ ಹನ್ನೆರಡು ಅಂಗುಲದ ಹೊದಿಕೆ ದೊರೆತಾಗ, ಅದರ ಹಿಂಬದಿಯು ಗಾಯಕರು, ವಾದಕರು, ರಾಗ, ಕಾಲ ಮುಂತಾದ ವಿವರಗಳಿಗೆ ವಿಸ್ತಾರವಾದ ಪುಟವಾಯಿತು.

1963ರಲ್ಲಿ ಫಿಲಿಪ್ಸ್ ಕಂಪನಿಯು ಹೊರತಂದ ಕ್ಯಾಸೆಟ್ಟು ಈ ಪುಟವನ್ನು ಅಂಗೈಯಗಲದ ಮಡಿಕೆಕಾಗದಕ್ಕೆ ಇಳಿಸಿತು. ಆದರೆ ಹಾಡನ್ನು ಸಣ್ಣ ಊರುಗಳಿಗೂ ಮುಟ್ಟಿಸಿತು. ಕನ್ನಡದಲ್ಲಿ 1978ರಲ್ಲಿ ಕೆ. ಎಸ್. ನಿಸಾರ್ ಅಹಮದರ ಕವಿತೆಗಳ ‘ನಿತ್ಯೋತ್ಸವ’ವು ಧ್ವನಿಸುರುಳಿಯಾಗಿ ಬಂದ ಮೇಲೆ ಭಾವಗೀತೆಯು ಮನೆಮನೆಯನ್ನು ಹೊಕ್ಕಿತು. 1982ರಲ್ಲಿ ಸಿ.ಡಿ. ಬಂದಿತು, ಅದರೊಡನೆ ಚಿಕ್ಕ ಹೊತ್ತಗೆಯೊಂದನ್ನು ಇಡುವ ಅನುಕೂಲವೂ ಬಂದಿತು. ಈಗಲಾದರೋ ಹಾಡು ಅಂತರ್ಜಾಲದ ಮೂಲಕ ಹರಿದು ಬರುತ್ತದೆ. ಹೊದಿಕೆಯು ಫೋನಿನ ಪರದೆಯ ಮೇಲೆ ಹೆಬ್ಬೆರಳಿನ ಉಗುರಿನಷ್ಟು ಚೌಕವಾಗಿ ನಿಂತಿದೆ. ಹಿಂಬದಿ ಎಂಬುದೇ ಇಲ್ಲ. ಒಂದೇ ಹಾಡನ್ನು ಲಕ್ಷಾಂತರ ಜನ ಕೇಳಬಲ್ಲ ಕಾಲದಲ್ಲಿ ದಮ್ಮಡಿ ಬಾರಿಸಿದವರ ಹೆಸರಿಗೆ ಸ್ಥಳ ಇಲ್ಲವಾಗಿದೆ.

3. ಹೊದಿಕೆಯ ರಚನೆ

ಸ್ವತಂತ್ರ ಬ್ಯಾಂಡುಗಳಿಗೆ ಸಂಗೀತ ಕಂಪನಿಯ ಕಚೇರಿಯಿಲ್ಲ. ಹೊದಿಕೆಯ ಹೊಣೆಯೂ ಅವರದೇ. ತತ್ವಪದಗಳನ್ನು ಹೊಸ ವಾದ್ಯಗಳೊಡನೆ ಹಾಡಿ ಗೆದ್ದವರು ನಮ್ಮಲ್ಲಿದ್ದಾರೆ. ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ಎಂಬ ವೃಂದವು 2008ರಲ್ಲಿ ಪ್ರಕಟಿಸಿದ ಮೊದಲ ಆಲ್ಬಮಿನಲ್ಲಿ ಶಿಶುನಾಳ ಶರೀಫರ ‘ಗುಡುಗುಡಿಯ ಸೇದಿ ನೋಡೋ’ ಪದವನ್ನು ಗಿಟಾರು, ಪಿಟೀಲುಗಳೊಡನೆ ಹಾಡಿತು. 1889ರಲ್ಲಿ ತೀರಿಕೊಂಡ ಕವಿಯ ಪದವು ಕನ್ನಡವರಿಯದ ದೇಶಗಳ ಸಭಿಕರನ್ನೂ ಮುಟ್ಟಿತು. ಭಾಷೆ ತಿಳಿಯದ ಕೇಳುಗನಿಗೆ ಅಂಕಿತವು ಕಿವಿಗೆ ಬಿದ್ದರೂ ಅರ್ಥವಾಗದು. ಅವನಿಗೆ ಕವಿಯನ್ನು ಪರಿಚಯಿಸತಕ್ಕದ್ದು ಹೊದಿಕೆಯ ಬರಹವೇ.

ಚಿತ್ರದ ಆಯ್ಕೆಯಲ್ಲಿ ನಮ್ಮ ಪ್ರಾಂತ್ಯಕ್ಕೆ ಬಡತನವಿಲ್ಲ. ಸುರಪುರದ ನಾಯಕರ ಆಶ್ರಯದಲ್ಲಿ ಬೆಳೆದ ಚಿತ್ರಶೈಲಿಯನ್ನು ಹೊದಿಕೆಗೆ ಬಳಸಬೇಕೆಂಬ ಆಸೆ ಸಹಜವಾದುದು. ಆದರೆ ಆ ಚಿತ್ರಗಳ ಜೀವಾಳವಾದ ಚಿನ್ನವು ಅಚ್ಚಿನಲ್ಲಿ ಸುಲಭವಾಗಿ ಮೂಡುವುದಿಲ್ಲ. ನಾಲ್ಕು ಬಣ್ಣಗಳ ಮುದ್ರಣದಲ್ಲಿ ಹಳದಿ, ಕೆಂಪು, ನೀಲಿ, ಕಪ್ಪುಗಳ ಚುಕ್ಕೆಗಳು ಸೇರಿ ಎಲ್ಲ ಬಣ್ಣಗಳೂ ಆಗುತ್ತವೆ. ಬೆಳಕನ್ನು ಹಿಂದಕ್ಕೆ ಎಸೆಯುವ ಲೋಹದ ಹೊಳಪು ಮಾತ್ರ ಆಗುವುದಿಲ್ಲ. ಚಿನ್ನವು ಮಾಸಿದ ಕಂದುಹಳದಿಯಾಗಿ ಕಾಣುತ್ತದೆ. ಹೊಳಪು ಬೇಕಾದರೆ ಐದನೆಯದಾಗಿ ಲೋಹದ ಶಾಯಿಯನ್ನು ಬಳಸಬೇಕು, ಇಲ್ಲವೇ ಬಿಸಿಯಚ್ಚಿನಿಂದ ತಗಡಿನ ಹಾಳೆಯನ್ನು ಒತ್ತಿಸಬೇಕು. ಇನ್ನು ಉಗುರಿನಷ್ಟು ಚೌಕದಲ್ಲಿ ಸೂಕ್ಷ್ಮರೇಖೆಗಳೆಲ್ಲ ಕಲಸಿಹೋಗುತ್ತವೆ. ಆದುದರಿಂದ ಇಡೀ ಚಿತ್ರವನ್ನು ಕುಗ್ಗಿಸುವುದಕ್ಕಿಂತ ಅದರ ಒಂದು ಭಾಗವನ್ನು, ಒಂದು ಕೈಯನ್ನೋ ವೀಣೆಯನ್ನೋ, ಆರಿಸಿಕೊಳ್ಳುವುದು ಮೇಲು. ಚಿತ್ರವು ಯಾರಲ್ಲಿದೆಯೋ ಅವರ ಒಪ್ಪಿಗೆಯನ್ನು ಪಡೆದು, ಅದು ಇರುವ ಸ್ಥಳವನ್ನು ನಮೂದಿಸುವುದು ಚರಿತ್ರೆಯ ಮರ್ಯಾದೆ.

ಊರಿನ ಹೆಸರನ್ನು ಬರೆಯುವಲ್ಲಿಯೂ ಎಚ್ಚರ ಬೇಕು. 2009ರ ಡಿಸೆಂಬರ್ 30ರಂದು ಯಾದಗಿರಿಯು ಪ್ರತ್ಯೇಕ ಜಿಲ್ಲೆಯಾಯಿತು. 2014ರಲ್ಲಿ ಗುಲಬರ್ಗಾ ಎಂಬ ಹೆಸರು ಕಲಬುರಗಿ ಎಂದು ಬದಲಾಯಿತು. ‘ಗುಲಬರ್ಗಾ ಜಿಲ್ಲೆಯ ಗಾಯಕರು’ ಎಂದಷ್ಟೇ ಅಚ್ಚಾಗಿರುವ ಹಳೆಯ ಹೊದಿಕೆಯಿಂದ ಅವರು ಇಂದಿನ ಯಾವ ಜಿಲ್ಲೆಯವರೆಂದು ತಿಳಿಯುವಂತಿಲ್ಲ. ಗ್ರಾಮ, ತಾಲ್ಲೂಕು, ವರ್ಷ, ಈ ಮೂರನ್ನೂ ಬರೆದರೆ ಮುಂದಿನ ಸಂಶೋಧಕನ ದಾರಿ ಸುಗಮವಾದೀತು.

4. ಹಾಡಿನ ಚಿತ್ರ

1981ರ ಆಗಸ್ಟ್ 1ರಂದು ಅಮೆರಿಕದಲ್ಲಿ ಎಂ.ಟಿ.ವಿ. ಪ್ರಾರಂಭವಾದಂದಿನಿಂದ ಬಿಡಿ ಹಾಡಿಗೊಂದು ಕಿರುಚಿತ್ರವನ್ನು ತೆಗೆಯುವುದು ಪ್ರತ್ಯೇಕ ಕಲೆಯಾಗಿ ಬೆಳೆಯಿತು. ಇದರ ಮೂಲತಂತ್ರವು ನಮ್ಮ ಸಿನಿಮಾ ಹಾಡುಗಳಲ್ಲಿ ಪರಿಚಿತವಾದುದೇ. ಹಾಡನ್ನು ಮೊದಲೇ ಮುದ್ರಿಸಿ, ಚಿತ್ರೀಕರಣದ ಸ್ಥಳದಲ್ಲಿ ಅದನ್ನು ಧ್ವನಿವರ್ಧಕದಿಂದ ನುಡಿಸಿ, ಗಾಯಕರು ಅದಕ್ಕೆ ತುಟಿಗೂಡಿಸುವಂತೆ ಮಾಡುತ್ತಾರೆ. ನಡಿಗೆಯು ಕನಸಿನಂತೆ ನಿಧಾನವಾಗಿದ್ದೂ ತುಟಿಗಳು ಹಾಡಿಗೆ ಸರಿಹೊಂದುವ ದೃಶ್ಯಗಳನ್ನು ಕೆಲವರು ಕಂಡಿರಬಹುದು. ಅಲ್ಲಿ ಹಾಡನ್ನು ಇಮ್ಮಡಿ ವೇಗದಲ್ಲಿ ನುಡಿಸಿ, ಸೆಕೆಂಡಿಗೆ 25ರ ಬದಲು 50 ಚೌಕಟ್ಟುಗಳಂತೆ ಚಿತ್ರಿಸಿ, ಬಳಿಕ 25ರ ವೇಗದಲ್ಲಿ ತೋರಿಸುತ್ತಾರೆ. ತುಟಿಯು ಹಾಡಿನ ನಿಜವೇಗಕ್ಕೆ ಇಳಿಯುತ್ತದೆ, ದೇಹದ ಚಲನೆಯು ಅರ್ಧವಾಗುತ್ತದೆ.

ಈ ತಂತ್ರವು ತತ್ವಪದಕ್ಕೆ ಎಲ್ಲ ಕಡೆಯೂ ಒಗ್ಗದು. ಭಜನೆಯಲ್ಲಿ ಕುಳಿತ ಹಿರಿಯ ಹಾಡುಗಾರರು ಒಂದು ಪದವನ್ನು ಎರಡು ಸಲ ಒಂದೇ ರೀತಿ ಹಾಡುವುದಿಲ್ಲ. ಪಲ್ಲವಿಗೆ ಎಷ್ಟು ಸಲ ಮರಳಬೇಕೆಂಬುದು ಆ ಹೊತ್ತಿನ ಮನಸ್ಸಿಗೆ ಸೇರಿದ್ದು. ನಿನ್ನೆಯ ಹಾಡಿಗೆ ಇಂದು ತುಟಿಯಾಡಿಸಲು ಅವರಿಗೆ ಹೇಳಿದರೆ ಪದವೂ ಕೆಡುತ್ತದೆ, ಅವರಿಗೂ ಮುಜುಗರವಾಗುತ್ತದೆ. ಅಂತಹ ಕಡೆ ಧ್ವನಿಯನ್ನೂ ಚಿತ್ರವನ್ನೂ ಅದೇ ಹೊತ್ತಿನಲ್ಲಿ ಬೇರೆ ಬೇರೆ ಯಂತ್ರಗಳಲ್ಲಿ ಹಿಡಿಯಬೇಕು. ಮೊದಲಲ್ಲಿ ಒಂದು ಚಪ್ಪಾಳೆ ತಟ್ಟಿದರೆ, ಕೈಗಳು ಕೂಡುವ ಚೌಕಟ್ಟನ್ನೂ ಚಪ್ಪಾಳೆಯ ಸದ್ದನ್ನೂ ಹೊಂದಿಸಿ ಎರಡನ್ನೂ ಜೋಡಿಸಬಹುದು.

ಸ್ಥಳದ ವಿಚಾರದಲ್ಲಿ ಶಹಾಪುರದ ಬೆಟ್ಟವು ಒಂದು ಪಾಠವನ್ನು ಕಲಿಸುತ್ತದೆ. ಬುದ್ಧನು ಮಲಗಿದಂತೆ ಅದು ತೋರುವುದು ನಿರ್ದಿಷ್ಟವಾದ ದಿಕ್ಕಿನಿಂದ ನೋಡಿದಾಗ. ಸ್ವಲ್ಪ ಸರಿದು ನಿಂತರೆ ಬರಿಯ ಬಂಡೆಗಳ ಸಾಲು. ಎಲ್ಲಿ ನಿಂತು ನೋಡಿದೆವೆಂಬುದನ್ನು ಹೇಳದ ಚಿತ್ರವು ಅರ್ಧ ದಾಖಲೆ ಮಾತ್ರ. ಶಹಾಪುರದ ಸಮೀಪದ ವಿಭೂತಿಹಳ್ಳಿಯಲ್ಲಿ ಬೃಹತ್ ಶಿಲಾಯುಗದ ಕಲ್ಲುಗಳು ಸಾಲುಸಾಲಾಗಿ ನಿಂತಿವೆ. ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಳ್ಳುತ್ತಿದ್ದ ಮೆಡೋಸ್ ಟೇಲರ್ ಅವರು 19ನೆಯ ಶತಮಾನದಲ್ಲಿ ಈ ಸೀಮೆಯ ಇಂತಹ ಅವಶೇಷಗಳನ್ನು ವಿದ್ವಾಂಸರ ಗಮನಕ್ಕೆ ತಂದರು. ಚಿತ್ರಕ್ಕೆ ಅದು ಸೊಗಸಾದ ಹಿನ್ನೆಲೆಯೆಂಬುದು ನಿಜ. ಆದರೆ ಅದು ಸಂರಕ್ಷಿತ ನೆಲೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯದೆ ಅಲ್ಲಿ ಚಿತ್ರೀಕರಣಕ್ಕೆ ಇಳಿಯಬಾರದು. ದೀಪಸ್ತಂಭ ನಿಲ್ಲಿಸುವುದಕ್ಕೆಂದು ಕಲ್ಲೊಂದನ್ನು ಕದಲಿಸಿದರೂ ಸಾವಿರಾರು ವರ್ಷಗಳ ಸಾಕ್ಷ್ಯವು ಕೆಡುತ್ತದೆ.

5. ಕಾನೂನು ಮತ್ತು ಹೊಣೆ

1957ರ ಕೃತಿಸ್ವಾಮ್ಯ ಅಧಿನಿಯಮದ 52ಎ ಪ್ರಕರಣದಂತೆ ಧ್ವನಿಮುದ್ರಿಕೆಯ ಮೇಲೂ ಅದರ ಹೊದಿಕೆಯ ಮೇಲೂ ಮೂರು ವಿವರಗಳಿರಬೇಕು: ಮುದ್ರಿಕೆಯನ್ನು ತಯಾರಿಸಿದವರ ಹೆಸರು ಮತ್ತು ವಿಳಾಸ, ಸ್ವಾಮ್ಯ ಉಳ್ಳವರ ಹೆಸರು ಮತ್ತು ವಿಳಾಸ, ಮೊದಲು ಪ್ರಕಟವಾದ ವರ್ಷ. ಇಲ್ಲಿ ತಯಾರಿಸಿದವರೆಂದರೆ ನಿರ್ಮಾಪಕರು. ಹಾಡಿದವರ ಹೆಸರನ್ನು ಈ ಪ್ರಕರಣವು ಕೇಳುವುದೇ ಇಲ್ಲವೆಂಬುದನ್ನು ಓದುಗರು ಗಮನಿಸಬೇಕು. ಆ ಕೊರತೆಯನ್ನು ತಕ್ಕಮಟ್ಟಿಗೆ ತುಂಬಿದುದು 2012ರ ತಿದ್ದುಪಡಿ. ಅದರ ಮೂಲಕ ಸೇರಿದ 38ಬಿ ಪ್ರಕರಣವು, ಹಾಡಿದವರು ಮತ್ತು ನುಡಿಸಿದವರು ತಮ್ಮ ಪ್ರದರ್ಶನಕ್ಕೆ ತಾವೇ ಕರ್ತೃಗಳೆಂದು ಗುರುತಿಸಿಕೊಳ್ಳುವ ಹಕ್ಕನ್ನು ಮನ್ನಿಸುತ್ತದೆ. ಕವಿಯ ಮರಣಾನಂತರ 60 ವರ್ಷಗಳು ಕಳೆದರೆ ಕೃತಿಸ್ವಾಮ್ಯವು ಮುಗಿಯುವುದರಿಂದ ಮಡಿವಾಳಪ್ಪನವರ, ಶರೀಫರ ಪದಗಳನ್ನು ಯಾರು ಬೇಕಾದರೂ ಹಾಡಬಹುದು. ಆದರೆ ಇಂದು ಅವನ್ನು ಹಾಡುವ ಅಜ್ಜಿಯ ಧ್ವನಿಯು ಸಾರ್ವಜನಿಕ ಸೊತ್ತಲ್ಲ. ಪದವು ಹಳೆಯದೆಂಬ ನೆಪದಿಂದ ಹಾಡಿದವರ ಧ್ವನಿಯನ್ನು ತುಣುಕು ಮಾಡಿ ತಮ್ಮ ಹಾಡಿನಲ್ಲಿ ಸೇರಿಸಿಕೊಂಡು ‘ಸಾಂಪ್ರದಾಯಿಕ’ ಎಂದಷ್ಟೇ ಬರೆಯುವ ಬ್ಯಾಂಡು ಈ ಹಕ್ಕನ್ನು ಮೀರಿದಂತೆಯೇ ಸರಿ.

ಅಂತರ್ಜಾಲದ ಹಾಡುಗಳಿಗೆ ಗುರುತಿನ ಸಾಧನವೊಂದು ಇಲ್ಲದಿಲ್ಲ. ಐ.ಎಸ್.ಆರ್.ಸಿ. ಎಂಬ ಹನ್ನೆರಡು ಅಕ್ಷರಾಂಕಗಳ ಸಂಕೇತವು ಪ್ರತಿಯೊಂದು ಧ್ವನಿಮುದ್ರಿಕೆಗೂ ಪ್ರತ್ಯೇಕವಾಗಿ ದೊರೆಯುತ್ತದೆ. ಆದರೆ ಸಂಕೇತದೊಡನೆ ನಾವು ತುಂಬಿಕೊಟ್ಟ ವಿವರಗಳಷ್ಟೇ ಉಳಿಯುತ್ತವೆ. ಗಾಯಕರ ಅಂಕಣದಲ್ಲಿ ಬ್ಯಾಂಡಿನ ಹೆಸರೊಂದನ್ನೇ ಬರೆದರೆ ಯಂತ್ರವು ಉಳಿದವರನ್ನು ತಾನಾಗಿ ಹುಡುಕಿ ತರಲಾರದು.

ಆದಕಾರಣ ನಮ್ಮ ಕಾಲೇಜುಗಳ ತರುಣರಿಗೆ ನಮ್ಮ ಸೂಚನೆ ಸರಳವಾದುದು. ಹಾಡನ್ನು ಮುದ್ರಿಸುವ ದಿನವೇ ಒಂದು ಹಾಳೆಯಲ್ಲಿ ಪದದ ಕರ್ತೃ, ಪದವನ್ನು ಕಲಿಸಿದವರು, ಹಾಡಿದವರು, ಏಕತಾರಿ, ದಮ್ಮಡಿ, ತಾಳಗಳನ್ನು ನುಡಿಸಿದವರು, ಊರು, ತಾಲ್ಲೂಕು, ದಿನಾಂಕ ಇವನ್ನು ಬರೆದು, ಹಾಡಿದವರಿಗೆ ಓದಿ ಹೇಳಿ, ಅವರ ಒಪ್ಪಿಗೆಯ ರುಜುವನ್ನೋ ಹೆಬ್ಬೆಟ್ಟಿನ ಗುರುತನ್ನೋ ಪಡೆಯಬೇಕು. ಅದೇ ವಿವರವು ಹೊದಿಕೆಯ ಮೇಲೂ, ಹಾಡಿನ ಚಿತ್ರದ ಕೊನೆಯಲ್ಲಿ ಓದಲು ಸಾಕಾಗುವಷ್ಟು ಹೊತ್ತೂ ಇರಬೇಕು. ಹಾಳೆಯ ಪ್ರತಿಯೊಂದು ಕಾಲೇಜಿನ ಗ್ರಂಥಾಲಯದಲ್ಲಿಯೂ ಮತ್ತೊಂದು ಹಾಡಿದವರ ಮನೆಯಲ್ಲಿಯೂ ಉಳಿಯಲಿ. ಇದಕ್ಕೆ ಬೇಕಾದುದು ಅರ್ಧ ಗಂಟೆಯ ಕೆಲಸ. ನಮ್ಮ ಕೈಯಲ್ಲಿರುವ ಕ್ಯಾಸೆಟ್ಟನ್ನು ಮುದ್ರಿಸಿದವರು ಆ ಅರ್ಧ ಗಂಟೆಯನ್ನು ಕೊಟ್ಟಿದ್ದರೆ, ಏಳು ಪದಗಳನ್ನು ಹಾಡಿದ ಆ ತಾಯಿಯ ಹೆಸರನ್ನು ನಾವು ಇಲ್ಲಿ ಗೌರವದಿಂದ ಬರೆಯಬಹುದಾಗಿತ್ತು.